ಒಂದು ಹಗಲಿನ ರೋಂಡಾ

ಸ್ಪೇನಿನ ದಕ್ಷಿಣದಲ್ಲಿ, ಕಡಲತೀರದ ಮಾಲಗಾ ನಗರದಿಂದ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ಒಳಗೆ, ಬೆಟ್ಟದ ನೆತ್ತಿಯ ಮೇಲೆ ರೋಂಡಾ ಎಂಬ ಊರಿದೆ. ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರ, 33 ಸಾವಿರದ ಆಸುಪಾಸಿನ ಜನ, ಸುಣ್ಣ ಬಳಿದ ಬಿಳಿ ಮನೆಗಳು. ಗ್ವಾದಲೆವಿನ್ ಎಂಬ ಪುಟ್ಟ ನದಿ ಬಂಡೆಯನ್ನು ಕೊರೆದು ಕೊರೆದು ಊರಿನ ನಡುವೆಯೇ ನೂರು ಮೀಟರ್ ಆಳದ ಕಮರಿ ಮಾಡಿದೆ. ಅದರ ಎರಡು ದಂಡೆಗಳನ್ನು ಕೂಡಿಸುವ ಕಲ್ಲಿನ ಸೇತುವೆಯ ಚಿತ್ರವನ್ನು ನೋಡದವರು ಕಡಿಮೆ. ಇಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಬೆಳಗಿನ ಬಸ್ಸಿಗೆ ಹತ್ತಿ ಬಂದು ಸಂಜೆಯ ಬಸ್ಸಿಗೆ ಇಳಿದು ಹೋಗುತ್ತಾರೆ. ನಾವು ಮೂವರೂ ಹಾಗೆಯೇ ಬಂದಿದ್ದೆವು. ಹಿರಿಯರು ಚಿತ್ರದುರ್ಗದ ಕಡೆಯವರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಹುಡುಗಿ ಅವರ ಅಕ್ಕನ ಮಗಳು. ಮಾಲಗಾದಲ್ಲಿ ಕೆಲಸಕ್ಕಿದ್ದಾಳೆ, ಸ್ಪ್ಯಾನಿಷ್ ಚೆನ್ನಾಗಿ ಬಲ್ಲಳು. ಬಸ್ಸಿಗೆ ಇನ್ನೂ ಹೊತ್ತಿದ್ದಾಗ, ಕಮರಿಯ ಅಂಚಿನ ಅಲಮೇದಾ ಉದ್ಯಾನದಲ್ಲಿ ಕೂತು ಅವರಿಬ್ಬರು ಆಡಿದ ಮಾತು ಇದು. ಇಬ್ಬರ ಮಾತಿನಲ್ಲೂ ನನಗೆ ತಳ್ಳಿಹಾಕಲು ಆಗದಂಥದ್ದು ಇತ್ತು. ಅದಕ್ಕೇ ಬರೆದಿಡುತ್ತಿದ್ದೇನೆ.

ಹುಡುಗಿ: ಮಾವ, ನಿಜ ಹೇಳಿ. ನೀವು ರೋಂಡಾ ನೋಡಿದಿರಾ?

ಹಿರಿಯರು: ಇದೇನು ಪ್ರಶ್ನೆ ಪುಟ್ಟಾ? ಬೆಳಗ್ಗೆಯಿಂದ ನಡೆದು ನಡೆದು ಮಂಡಿ ಹಿಡಿದುಕೊಂಡಿದೆ. ಸೇತುವೆಯನ್ನ ಮೇಲಿಂದಲೂ ನೋಡಿದೆ, ಕೆಳಗಿಳಿದು ತಲೆಯೆತ್ತಿಯೂ ನೋಡಿದೆ. ಅರಬ್ಬರ ಸ್ನಾನಗೃಹ ನೋಡಿದೆ. ಬಂಡೆಯೊಳಗಿನ ನೀರಿನ ಮೆಟ್ಟಿಲು ಇಳಿದು ಹತ್ತಿದೆ. ಇನ್ನೇನು ಬಾಕಿ?

ಹುಡುಗಿ: ಊರು ಬಾಕಿ. ನಾವು ಬಂದಿದ್ದು ಹನ್ನೊಂದಕ್ಕೆ. ಆಗಲೇ ಸೇತುವೆ ಮೇಲೆ ನಿಲ್ಲೋಕೆ ಜಾಗ ಇರಲಿಲ್ಲ. ಎಲ್ಲರೂ ನಮ್ಮ ಹಾಗೇ ಬಂದವರು. ಮಧ್ಯಾಹ್ನ ಎರಡಾಗುತ್ತಲೇ ಊರಿನವರ ಅಂಗಡಿಗಳು ಬಾಗಿಲು ಹಾಕ್ತವೆ, ಜನ ಮನೆಗೆ ಹೋಗಿ ಉಂಡು ಒರಗ್ತಾರೆ. ಆ ಹೊತ್ತಿನಲ್ಲಿ ತೆರೆದಿರೋದು ನಮಗೆ ಅಂತಲೇ ಇಟ್ಟಿರೋ ಅಂಗಡಿ. ಸಂಜೆ ಅವರು ಮಕ್ಕಳನ್ನ ಕರೆದುಕೊಂಡು ಬೀದಿಗೆ ಬರೋ ಹೊತ್ತಿಗೆ ನಾವು ಬಸ್ಸಿನಲ್ಲಿರ್ತೀವಿ. ಇಡೀ ದಿನ ಇದ್ದೂ ಈ ಊರಿನ ಒಬ್ಬರನ್ನಾದರೂ ಸರಿಯಾಗಿ ಮಾತಾಡಿಸಿದ್ವಾ?

ಹಿರಿಯರು: ಬೆಳಗ್ಗೆ ಬ್ರೆಡ್ಡಿಗೆ ಟೊಮೆಟೊ ತಿರುಳು ಸವರಿ, ಆಲಿವ್ ಎಣ್ಣೆ ಹಾಕಿಕೊಟ್ಟಳಲ್ಲ, ಆ ಹೆಣ್ಣುಮಗಳು? ನಾನು ಮಾಂಸ ತಿನ್ನಲ್ಲ ಅಂತ ನೀನು ಹೇಳಿದ್ದೇ ತಡ, ಹಂದಿ ಮಾಂಸ ಕುಯ್ದ ಚಾಕು ಬದಿಗಿಟ್ಟು ಬೇರೆ ಚಾಕು ತೊಳೆದು ತಂದಳು. ಅದು ನನಗೆ ಮಾತಿಗಿಂತ ಹೆಚ್ಚು.

ಹುಡುಗಿ: ಆಕೆ ಒಳ್ಳೆಯವಳು. ಆದರೆ ಒಬ್ಬರ ಒಳ್ಳೆಯತನ ನೋಡಿ ಊರು ನೋಡಿದೆ ಅನ್ನೋಕಾಗುತ್ತಾ?

ಹಿರಿಯರು: ಎಲ್ಲವನ್ನೂ ನೋಡಿದೆ ಅಂತ ನಾನೆಲ್ಲಿ ಹೇಳಿದೆ? ನೋಡಬೇಕಾದ್ದನ್ನ ನೋಡಿದೆ ಅಂದೆ. ಈ ಸೇತುವೆ ಕತೆಯನ್ನೇ ತಗೋ. ಇದಕ್ಕೂ ಮುಂಚೆ, 1735ರಲ್ಲಿ, ಇದೇ ಜಾಗದಲ್ಲಿ ಒಂದೇ ದೊಡ್ಡ ಕಮಾನಿನ ಸೇತುವೆ ಕಟ್ಟಿದ್ದರು. ಅವಸರದ ಕೆಲಸ. ಆರು ವರ್ಷಕ್ಕೆ, 1741ರಲ್ಲಿ, ಕುಸಿದುಬಿತ್ತು. ಐವತ್ತು ಜನ ಸತ್ತರು. ಆಮೇಲೆ 1751ರಲ್ಲಿ ಮತ್ತೆ ಕೈ ಹಾಕಿದವರು ಮುಗಿಸಿದ್ದು 1793ಕ್ಕೆ. ನಲವತ್ತೆರಡು ವರ್ಷ! ತಳದ ಬಂಡೆಯಿಂದಲೇ ಕಂಬ ಎಬ್ಬಿಸಿ, ಕಮಾನಿನ ಮೇಲೆ ಕಮಾನು ಕೂರಿಸಿ, 98 ಮೀಟರ್ ಎತ್ತರಕ್ಕೆ ತಂದಿದ್ದಾರೆ. ಕೆಳಗೆ ನಿಂತು ನೋಡಿದಾಗ ನನಗೆ ಅರ್ಥವಾಯಿತು, ಇದು ಸೇತುವೆ ಅನ್ನೋದಕ್ಕಿಂತ ಅಣೆಕಟ್ಟಿನ ಗೋಡೆಗೆ ಹತ್ತಿರ. ಕಮರಿಯನ್ನ ದಾಟಿದ್ದಲ್ಲ, ತುಂಬಿದ್ದು. ಒಂದು ಸಲ ಬಿದ್ದು ಐವತ್ತು ಜೀವ ಹೋದ ಮೇಲೆ ಕಟ್ಟಿದವರ ಎದೆಯಲ್ಲಿ ಎಷ್ಟು ಭಯ ಇದ್ದಿರಬೇಕು ಅಂತ ಆ ಕಂಬದ ದಪ್ಪ ನೋಡಿದರೆ ಗೊತ್ತಾಗುತ್ತೆ. ಅದು ತಿಳಿಯೋಕೆ ನನಗೆ ಅರ್ಧ ಗಂಟೆ ಸಾಕಾಯಿತು.

ಹುಡುಗಿ: ಅರ್ಧ ಗಂಟೆ ಅಲ್ಲ ಮಾವ, ಮೂವತ್ತೈದು ವರ್ಷದ ನೌಕರಿ ಜೊತೆಗೆ ಅರ್ಧ ಗಂಟೆ. ನಮ್ಮ ಪಕ್ಕದಲ್ಲೇ ನಿಂತಿದ್ದ ಗುಂಪಿಗೆ ಗೈಡು ಏನು ಹೇಳ್ತಿದ್ದ, ಕೇಳಿಸಿಕೊಂಡಿರಾ? ಇದನ್ನ ಕಟ್ಟಿದ ಮಾರ್ತಿನ್ ದೆ ಅಲ್ದೆವೆಲಾ ಕೊನೆಗೆ ಇಲ್ಲಿಂದಲೇ ಬಿದ್ದು ಸತ್ತ ಅಂತ. ಸುಳ್ಳು. ಆತ ಸತ್ತಿದ್ದು 1802ರಲ್ಲಿ, ಮಾಲಗಾದಲ್ಲಿ. ಆದರೆ ಐದು ನಿಮಿಷ ನಿಲ್ಲುವವರಿಗೆ ಬಿದ್ದು ಸತ್ತ ಕತೆಯೇ ಬೇಕು. ನಲವತ್ತೆರಡು ವರ್ಷ ಕಲ್ಲು ಎತ್ತಿದ ಕೂಲಿಗಳ ಕತೆ ಕೇಳೋಕೆ ಅವರಿಗೆ ಪುರುಸೊತ್ತಿಲ್ಲ. ಆ ಮೊದಲ ಸೇತುವೆ ಅವಸರಕ್ಕೆ ಬಿತ್ತು ಅಂತ ನೀವೇ ಅಂದಿರಿ. ಅವಸರದ ನೋಟವೂ ಹಾಗೇ, ತೂಕ ಬಿದ್ದರೆ ನಿಲ್ಲಲ್ಲ.

ಹಿರಿಯರು: ಚೆನ್ನಾಗಿ ಹೇಳಿದೆ. ಆದರೆ ಸೇತುವೆ ಕಟ್ಟಿದ್ದು ಯಾರಿಗೆ ಅಂತ ಯೋಚನೆ ಮಾಡು. ಅದರ ಮೇಲೆ ಮನೆ ಮಾಡಿಕೊಂಡು ಇರೋರಿಗಲ್ಲ, ದಾಟಿ ಹೋಗೋರಿಗೆ. ಕಮರಿಯ ಆಚೆ ಕೋಟೆಯೊಳಗಿನ ಹಳೇ ಊರು. ಈಚೆ, ನಾವು ಕೂತಿರೋ ಕಡೆ, ಮೆರ್ಕಾದಿಯೊ, ಪೇಟೆ. ಈ ಪೇಟೆ ಹುಟ್ಟಿದ್ದೇ ಹೊರಗಿನಿಂದ ಸರಕು ತಂದವರಿಂದ ಅಂತ ನೀನೇ ಬೆಳಗ್ಗೆ ಓದಿ ಹೇಳಿದೆ. ಕೋಟೆ ಬಾಗಿಲು ಹೊಕ್ಕರೆ ಸುಂಕ ಕೊಡಬೇಕು ಅಂತ ಹೊರಗೇ ಸಂತೆ ಹೂಡಿದರು. ಬೆಳಗ್ಗೆ ಬಂದು, ಮಾರಿ, ಕತ್ತಲೆಗೆ ಮುಂಚೆ ಹೊರಟುಹೋಗೋ ಜನ. ಅವರ ಓಡಾಟಕ್ಕೆ ಹಳೇ ಸೇತುವೆಗಳು ಸಾಲದಾಗಿಯೇ ಇಷ್ಟು ದೊಡ್ಡದು ಬೇಕಾಯಿತು. ಈಗ ಹೇಳು, ಒಂದು ಹಗಲಿಗೆ ಬಂದು ಹೋಗೋರಿಗೂ ಈ ಊರಿಗೂ ಸಂಬಂಧ ಇಲ್ಲವಾ?

ಹುಡುಗಿ: ಇದೆ. ಆದರೆ ಅವರು ಕೊಡುತ್ತಿದ್ದರು. ಕಾಳು, ಎಣ್ಣೆ, ಚರ್ಮ, ಸುದ್ದಿ. ಅವರಿಗೂ ಊರಿನವರಿಗೂ ಸಾಲ ಇತ್ತು, ಜಗಳ ಇತ್ತು, ನೆಂಟಸ್ತಿಕೆ ಇತ್ತು. ಮುಂದಿನ ವಾರ ಮತ್ತೆ ಮುಖ ತೋರಿಸಬೇಕಾಗಿತ್ತು. ನಾವು ಈ ಊರಿಗೆ ಮತ್ತೆ ಮುಖ ತೋರಿಸೋ ಜನ ಅಲ್ಲ.

ಹಿರಿಯರು ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ನನಗೆ ಹುಡುಗಿಯ ಈ ಮಾತು ಅಂದು ಕೇಳಿದ್ದರಲ್ಲೆಲ್ಲ ಗಟ್ಟಿಯಾದದ್ದು ಎನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಅವರು ಮಾತನ್ನು ನೀರಿನ ಕಡೆಗೆ ತಿರುಗಿಸಿದರು. ಅದು ಅವರ ಮನೆಯಂಗಳ.

ಹಿರಿಯರು: ನೀರಿನ ಮೆಟ್ಟಿಲು ಇಳಿದೆವಲ್ಲ, ಅದರ ವಿಷಯ ಹೇಳ್ತೀನಿ ಕೇಳು. ಊರು ಬಂಡೆ ಮೇಲೆ, ನದಿ ಪಾತಾಳದಲ್ಲಿ. ಕೋಟೆ ಎಷ್ಟು ಗಟ್ಟಿಯಾದರೇನು, ನೀರಿಲ್ಲದ ಕೋಟೆ ವಾರಕ್ಕೆ ಬೀಳುತ್ತೆ. ಅದಕ್ಕೇ 14ನೇ ಶತಮಾನದಲ್ಲಿ ಮುಸ್ಲಿಂ ಅರಸರ ಕಾಲಕ್ಕೆ ಕಮರಿಯ ಗೋಡೆಯೊಳಗೇ ಮೆಟ್ಟಿಲು ಕೊರೆದು ನದಿಗೆ ದಾರಿ ಮಾಡಿದರು. ಹೊರಗಿನಿಂದ ನೋಡಿದವನಿಗೆ ಬರೀ ಬಂಡೆ. ಒಳಗೆ ಕತ್ತಲೆ, ಜಿನುಗು, ಜಾರು. ಸೆರೆಸಿಕ್ಕ ಕ್ರೈಸ್ತರು ಸಾಲಾಗಿ ನಿಂತು ಚರ್ಮದ ಚೀಲದಲ್ಲಿ ನೀರು ಮೇಲಕ್ಕೆ ಸಾಗಿಸಬೇಕಾಗಿತ್ತು. 1485ರಲ್ಲಿ ಫೆರ್ಡಿನಾಂಡನ ಸೈನ್ಯ ಮುತ್ತಿಗೆ ಹಾಕಿದಾಗ ಮಾಡಿದ ದೊಡ್ಡ ಕೆಲಸ ಏನು? ಫಿರಂಗಿ ಹೊಡೆದದ್ದು ಒಂದು, ಈ ನೀರಿನ ದಾರಿ ಕಡಿದದ್ದು ಇನ್ನೊಂದು. ಕೆಲವೇ ದಿನಕ್ಕೆ ಊರು ಶರಣಾಯಿತು. ನನಗೆ ಅಲ್ಲಿ ನಿಂತಾಗ ನಮ್ಮ ದುರ್ಗವೇ ಕಣ್ಣಿಗೆ ಕಟ್ಟಿತು. ಗಂಡ ಊಟಕ್ಕೆ ಕೂತಾಗ ನೀರು ತರೋಕೆ ಹೋದ ಓಬವ್ವನಿಗೆ ತಾನೇ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಕಂಡದ್ದು? ಕೋಟೆಯ ಕತೆ ಎಲ್ಲಿಯದಾದರೂ ನೀರಿನ ಹತ್ತಿರ ಬಂದೇ ನಿಲ್ಲುತ್ತೆ. ಇಲ್ಲಿಯವರ ಭಾಷೆ ನನಗೆ ಬರಲ್ಲ, ಆದರೆ ಅವರ ದಿಗಿಲು ನನಗೆ ಪರಿಚಯದ್ದು.

ಹುಡುಗಿ: ಆ ಮೆಟ್ಟಿಲಿನ ಮೇಲಿರೋ ಮನೆಯ ಹೆಸರು ಓದಿದಿರಾ? ಮೂರ್, ಅಂದರೆ ಮುಸ್ಲಿಂ, ರಾಜನ ಮನೆ ಅಂತೆ. ಯಾವ ಮೂರ್ ರಾಜನೂ ಅಲ್ಲಿರಲಿಲ್ಲ. ಮನೆ 18ನೇ ಶತಮಾನದ್ದು, ತೋಟ 1912ರದ್ದು, ಹಾಕಿದವನು ಫ್ರೆಂಚ್ ತೋಟಗಾರ ಫಾರೆಸ್ಟಿಯೆ. ಸೆರೆಯಾಳುಗಳು ಸತ್ತುಸುಣ್ಣವಾದ ಜಾಗದ ಮೇಲೆ ರಾಜನ ಹೆಸರಿನ ಬೋರ್ಡು. ದಿನದ ಪ್ರವಾಸಿ ಬೋರ್ಡು ಓದಿಕೊಂಡು ಹೋಗ್ತಾನೆ.

ಹಿರಿಯರು: ವಾರದ ಪ್ರವಾಸಿಯೂ ಅದನ್ನೇ ಓದ್ತಾನೆ. ನಿನ್ನ ಹಾಗೆ ಹೇಳೋರು ಜೊತೆಗಿದ್ದರೆ ಒಂದು ದಿನವೂ ಸಾಕು, ಇಲ್ಲದಿದ್ದರೆ ಒಂದು ವರ್ಷವೂ ಸಾಲದು. ತಪ್ಪು ದಿನದ ಲೆಕ್ಕದ್ದಲ್ಲ, ಕೇಳೋ ಮನಸ್ಸಿನದ್ದು.

ಹುಡುಗಿ: ಹಾಗೆ ಪೂರ್ತಿ ಒಪ್ಪೋಕಾಗಲ್ಲ ಮಾವ. ಕೆಲವು ವಿಷಯ ಕೇಳೋ ಮನಸ್ಸಿದ್ದರೂ ಒಂದು ದಿನಕ್ಕೆ ತೋರಿಸಿಕೊಳ್ಳಲ್ಲ. ನೀವು ಗೂಳಿಕಾಳಗದ ಅಖಾಡಕ್ಕೆ ಹೋದಿರಿ, ನಾನು ಹೊರಗೆ ಕೂತೆ. ಏನು ಕಂಡಿತು ನಿಮಗೆ?

ಹಿರಿಯರು: ಕಲ್ಲಿನ ಕೆಲಸ ಕಂಡಿತು. 1785ರಲ್ಲಿ ತೆರೆದ ಅಖಾಡ. ಅಂಗಳದ ಅಗಲ 66 ಮೀಟರ್. ಸುತ್ತ ಎರಡು ಅಂತಸ್ತಿನ ಕಂಬಸಾಲು, ಎಲ್ಲ ಕಲ್ಲು. ಅಳತೆಯಲ್ಲಿ ಒಂದು ಕೂದಲೆಳೆ ಆಚೀಚೆ ಕಾಣಲ್ಲ. ಮರಳಿನ ನಡುವೆ ಹೋಗಿ ನಿಂತೆ. ಅಲ್ಲಿ ನಿಂತ ಮೇಲೆ ಮನಸ್ಸಿಗೆ ಕಹಿಯಾಯಿತು, ಹೊರಗೆ ಬಂದುಬಿಟ್ಟೆ.

ಹುಡುಗಿ: ನೋಡಿ, ನಿಮಗೆ ಕಹಿಯಾಯಿತು. ಆದರೆ ನಿಮ್ಮ ಜೊತೆ ಒಳಗೆ ಬಂದ ಬಹಳ ಜನಕ್ಕೆ ಅದು ಚೆಂದದ ದುಂಡನೆ ಕಟ್ಟಡ ಅಷ್ಟೇ. ಯಾಕೆ ಅಂದರೆ ವರ್ಷದಲ್ಲಿ ಹೆಚ್ಚಿನ ದಿನ ಅದು ಖಾಲಿ. ಸೆಪ್ಟೆಂಬರಿನಲ್ಲಿ ಹಬ್ಬ ಬರುತ್ತೆ, 1954ರಲ್ಲಿ ಶುರುವಾದದ್ದು. ಆಳುಗಳು ಗೋಯಾನ ಚಿತ್ರದ ಕಾಲದ ಉಡುಗೆ ತೊಟ್ಟು ಗೂಳಿಗಳ ಎದುರು ನಿಲ್ತಾರೆ. ಆಗ ಮರಳಿನ ಬಣ್ಣವೇ ಬೇರೆ. ಈ ಊರಿನ ಪೆದ್ರೊ ರೊಮೆರೊ ಒಂದು ಸಲವೂ ತಿವಿಸಿಕೊಳ್ಳದೆ 5,000ಕ್ಕೂ ಹೆಚ್ಚು ಗೂಳಿ ಕೊಂದ ಅಂತ ಹೆಮ್ಮೆಯಿಂದ ಹೇಳ್ತಾರೆ. ಅವನು ತಿವಿಸಿಕೊಳ್ಳಲಿಲ್ಲ ಅನ್ನೋದು ಸರಿ, ಆ 5,000ದ ಲೆಕ್ಕ ಯಾರು ಇಟ್ಟಿದ್ದಾರೆ? ಸ್ಪೇನಿನವರಲ್ಲೇ ಇದರ ಬಗ್ಗೆ ದೊಡ್ಡ ಜಗಳ ಇದೆ. ಕತಲೋನಿಯಾ 2010ರಲ್ಲಿ ನಿಷೇಧಿಸಿತು, 2016ರಲ್ಲಿ ಸ್ಪೇನಿನ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನ ರದ್ದು ಮಾಡಿತು. ಈ ಜಗಳದ ಒಂದು ಸೊಲ್ಲಾದರೂ ಇವತ್ತು ನಮ್ಮ ಕಿವಿಗೆ ಬಿತ್ತಾ?

ಹಿರಿಯರು: ಬೀಳಲಿಲ್ಲ.

ಹುಡುಗಿ: ಇನ್ನೊಂದು ಹೇಳ್ತೀನಿ. ಈ ಬಂಡೆಯ ಅಂಚು. ಹೆಮಿಂಗ್ವೆ 1940ರಲ್ಲಿ ಸ್ಪೇನಿನ ಅಂತರ್ಯುದ್ಧದ ಕಾದಂಬರಿ ಬರೆದ. ಅದರಲ್ಲಿ ಒಂದು ಊರಿನವರು ತಮ್ಮ ಊರಿನವರನ್ನೇ ಹೊಡೆದು ಕಮರಿಗೆ ತಳ್ಳೋ ಪ್ರಸಂಗ ಬರುತ್ತೆ. ಕಾದಂಬರಿಯಲ್ಲಿ ಊರಿನ ಹೆಸರಿಲ್ಲ. ಆದರೂ ಗೈಡುಗಳು ಇದೇ ಜಾಗ, ಇಲ್ಲಿಂದಲೇ ತಳ್ಳಿದ್ದು ಅಂತ ತೋರಿಸ್ತಾರೆ, ಜನ ಬಗ್ಗಿ ನೋಡಿ ಫೋಟೊ ತೆಗೀತಾರೆ. ನಿಜವಾಗಿ 1936ರಲ್ಲಿ ಇಲ್ಲಿ ಎರಡೂ ಕಡೆಯವರು ಕೊಂದರು. ಮೊದಲು ಒಂದು ಬಣ, ಸೆಪ್ಟೆಂಬರಿನಲ್ಲಿ ಫ್ರಾಂಕೊ ಕಡೆಯವರು ಊರು ಹಿಡಿದ ಮೇಲೆ ಇನ್ನೊಂದು ಬಣ. ಸತ್ತವರ ಮೊಮ್ಮಕ್ಕಳು ಈ ಬೀದಿಗಳಲ್ಲೇ ಇದ್ದಾರೆ. ಅವರ ಮನೆಯ ಸಾವನ್ನ ನಾವು ಊಟಕ್ಕೆ ಮುಂಚಿನ ಹತ್ತು ನಿಮಿಷದ ರೋಮಾಂಚನ ಮಾಡಿಕೊಳ್ತೀವಿ. ಅದು ನನಗೆ ಸಹಿಸೋಕಾಗಲ್ಲ.

ಹಿರಿಯರು: ಅದು ನನಗೂ ಸಹಿಸೋಕಾಗಲ್ಲ. ಅದಕ್ಕೆ ನೀನು ಕೊಡೋ ಮದ್ದು ಏನು? ಹೆಚ್ಚು ದಿನ ಇರೋದಾ? ರಿಲ್ಕೆ ಅಂತ ಜರ್ಮನ್ ಭಾಷೆಯ ಕವಿಯ ಪ್ರತಿಮೆ ತೋರಿಸಿದೆಯಲ್ಲ, ಆತ 1912ರ ಡಿಸೆಂಬರಿನಿಂದ ಫೆಬ್ರವರಿವರೆಗೆ ಇಲ್ಲೇ ಇದ್ದ ಅಂದೆ. ಎಲ್ಲಿದ್ದ? ಇಂಗ್ಲಿಷರು ಕಟ್ಟಿಸಿದ ಹೋಟೆಲಿನಲ್ಲಿ. ಆ ಹೋಟೆಲು ಯಾಕೆ ಬಂತು? 1892ರ ಹೊತ್ತಿಗೆ ಆಲ್ಹೆಸಿರಾಸ್ ಬಂದರಿನಿಂದ ರೈಲು ಹಳಿ ಬಂತು, ಜಿಬ್ರಾಲ್ಟರಿನ ಬ್ರಿಟಿಷ್ ಅಧಿಕಾರಿಗಳು ಸೆಕೆ ತಾಳಲಾರದೆ ಬೆಟ್ಟ ಹತ್ತಿದರು. ಕಿಟಕಿಯಿಂದ ಕಣಿವೆ ನೋಡಿ ಕವಿಗೆ ಪದ್ಯ ಹುಟ್ಟಿತು, ಬಹಳ ಸಂತೋಷ. ಆದರೆ ಊರಿನ ಸಂಕಟ ಅವನಿಗೆ ನನಗಿಂತ ಹೆಚ್ಚು ತಿಳಿದಿತ್ತು ಅಂತ ನಾನು ಒಪ್ಪಲ್ಲ. ಇದ್ದುಕೊಂಡೂ ನೋಡದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ.

ಹುಡುಗಿ: ಇರೋದು ಅಂದರೆ ಹೋಟೆಲಿನಲ್ಲಿ ಇರೋದಲ್ಲ ಮಾವ. ಬಾಡಿಗೆ ಕಟ್ಟಿ, ಪಕ್ಕದ ಮನೆಯವರ ಹತ್ತಿರ ಮಾತಾಡಿ, ಆಸ್ಪತ್ರೆ ಸಾಲಿನಲ್ಲಿ ಕೂತು ಇರೋದು. 2024ರಲ್ಲಿ ಸ್ಪೇನಿಗೆ ಬಂದ ವಿದೇಶಿ ಪ್ರವಾಸಿಗರು ಒಂಬತ್ತು ಕೋಟಿಗೂ ಹೆಚ್ಚು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಮಾಲಗಾದಲ್ಲಿ ಸಾವಿರಾರು ಜನ ಬೀದಿಗಿಳಿದರು. ಬೈದದ್ದು ಪ್ರವಾಸಿಯನ್ನಲ್ಲ, ಬಾಡಿಗೆಯನ್ನ. ಮನೆಗಳೆಲ್ಲ ಪ್ರವಾಸಿಗರ ಫ್ಲಾಟುಗಳಾದರೆ ಊರಿನ ಮಕ್ಕಳು ಎಲ್ಲಿಗೆ ಹೋಗಬೇಕು? ನಾನೂ ಆ ಮೆರವಣಿಗೆಯಲ್ಲಿ ನಡೆದೆ.

ಹಿರಿಯರು: ಅಲ್ಲೇ ನಿನ್ನ ವಾದ ನಿನಗೇ ತಿರುಗಿತು. ಫ್ಲಾಟು ಯಾರಿಗೆ ಬೇಕು? ರಾತ್ರಿ ಉಳಿಯೋರಿಗೆ. ನಾನು ಈ ಊರಿನ ಒಂದು ಹಾಸಿಗೆಯನ್ನೂ ಕಸಿದುಕೊಳ್ಳಲಿಲ್ಲ. ಬಂದೆ, ನಡೆದೆ, ಉಂಡೆ, ಟಿಕೆಟ್ಟಿಗೆ ದುಡ್ಡು ಕೊಟ್ಟೆ, ಹೊರಟೆ. ಸಂಜೆ ಅವರ ಊರು ಅವರಿಗೆ. ಹಗಲಿನ ಅತಿಥಿಗಿಂತ ಹಗುರ ಅತಿಥಿ ಇನ್ನಾರು?

ಹುಡುಗಿ: ಹಗುರ ಅಂತೀರಿ. ಬಸ್ಸು ಹೊಗೆ ಬಿಟ್ಟು ಹೋಗುತ್ತೆ, ಕಸದ ತೊಟ್ಟಿ ತುಂಬಿರುತ್ತೆ, ಹಳೇ ಊರಿನಲ್ಲಿ ತರಕಾರಿ ಅಂಗಡಿ ಹೋಗಿ ಬೀಸಣಿಗೆ, ಅಯಸ್ಕಾಂತದ ಗೊಂಬೆ ಮಾರೋ ಅಂಗಡಿ ಬರುತ್ತೆ. ಊರು ಎಲ್ಲ ಕೊಟ್ಟು ನಿಮ್ಮಿಂದ ಒಂದು ಊಟದ ದುಡ್ಡು ಪಡೆಯುತ್ತೆ. ಬೀದಿ ಸವೆಸೋ ಲೆಕ್ಕದಲ್ಲಿ ಮಲಗಿ ಹೋಗೋರಿಗೂ ಮಲಗದೆ ಹೋಗೋರಿಗೂ ವ್ಯತ್ಯಾಸ ಇಲ್ಲ, ದುಡ್ಡು ಬಿಟ್ಟುಹೋಗೋ ಲೆಕ್ಕದಲ್ಲಿ ಇದೆ. ವೆನಿಸ್‌ನವರು 2024ರಲ್ಲಿ, ದಟ್ಟಣೆಯ ದಿನಗಳಲ್ಲಿ ಹಗಲಿಗೆ ಬರೋರಿಂದ 5 ಯೂರೊ ವಸೂಲಿ ಶುರು ಮಾಡಿದರಲ್ಲ, ಸುಮ್ಮನೆ ಮಾಡಲಿಲ್ಲ.

ಹಿರಿಯರು: ಇಲ್ಲೂ ಕೇಳಲಿ, ನಾನು ಕೊಡ್ತೀನಿ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಮಾಲಗಾದಲ್ಲಿ ಬಾಡಿಗೆ ಏರಿದ್ದು ಬರೀ ಪ್ರವಾಸಿಗರಿಂದಲಾ? ಟೆಕ್ನಾಲಜಿ ಪಾರ್ಕಿನ ಸಂಬಳ ತಗೊಂಡು ಕೇಳಿದಷ್ಟು ಬಾಡಿಗೆ ಕೊಡೋ ನಿನ್ನಂಥವರ ಪಾಲು ಅದರಲ್ಲಿ ಇಲ್ಲವಾ?

ಹುಡುಗಿ: ಇದೆ. ಆ ಮೆರವಣಿಗೆಯಲ್ಲಿ ನಡೆಯುವಾಗಲೂ ಅದು ತಲೆಯಲ್ಲಿತ್ತು. ನನ್ನ ಮನೆಯಲ್ಲಿ ಮೊದಲಿದ್ದವರು ಯಾರು, ಎಲ್ಲಿಗೆ ಹೋದರು ಅಂತ ವಿಚಾರಿಸಿದ್ದೀನಿ. ಊರ ಹೊರಗೆ ಹೋದರಂತೆ. ಆದರೆ ಒಂದು ವ್ಯತ್ಯಾಸ ಇದೆ. ನಾನು ಅಲ್ಲಿ ತೆರಿಗೆ ಕಟ್ತೀನಿ, ಭಾಷೆ ಕಲಿತೆ, ಬಿಲ್ಡಿಂಗಿನ ಸಭೆಗೆ ಹೋಗ್ತೀನಿ, ಬೈಸಿಕೊಳ್ತೀನಿ. ಬಂದವನಿಗೂ ಬೈಸಿಕೊಳ್ಳೋಕೆ ಒಂದು ವಿಳಾಸ ಇರಬೇಕು ಮಾವ. ಹಗಲಿನ ಅತಿಥಿಗೆ ಅದಿಲ್ಲ.

ಹಿರಿಯರು: ವಿಳಾಸ ಎಲ್ಲರಿಗೂ ಎಲ್ಲಿಂದ ಬರಬೇಕು? ನನಗೆ ಎಪ್ಪತ್ತು ದಾಟಿದೆ. ವೀಸಾದ ದಿನ ಇಷ್ಟೇ, ಮಂಡಿಯ ತ್ರಾಣ ಇಷ್ಟೇ. ಇರೋಕೆ ಆಗೋರು ಮಾತ್ರ ನೋಡಬೇಕು ಅಂದರೆ ಲೋಕ ದುಡ್ಡಿದ್ದವರದ್ದು, ಹರೆಯದವರದ್ದು ಮಾತ್ರ ಆಗುತ್ತೆ. ಇವತ್ತು ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿದ್ದ ಮುದುಕ ದಂಪತಿಯನ್ನ ನೋಡಿದೆಯಾ? ಊಟದ ಪೊಟ್ಟಣ ಕಟ್ಟಿಕೊಂಡು ಬಂದಿದ್ದರು. ಹೋಟೆಲಿನ ಬಾಡಿಗೆ ಅವರ ಕೈಗೆಟುಕುವಂಥದ್ದಲ್ಲ. ಅವರು ಆ ಸೇತುವೆ ಕೆಳಗೆ ನಿಂತು ಬೆರಗಾದದ್ದು ಪೊಳ್ಳು ಅಂತ ನಾನು ಹೇಳಲಾರೆ.

ಹುಡುಗಿ: ನಾನೂ ಹೇಳಲಾರೆ. ಅವರು ಬರಬಾರದು ಅಂತಲ್ಲ ನನ್ನ ಮಾತು. ಎಲ್ಲರೂ ಒಂದೇ ಸೇತುವೆಗೆ, ಒಂದೇ ಹೊತ್ತಿಗೆ ಯಾಕೆ ಬರಬೇಕು? ಇಲ್ಲಿಂದ ಇಪ್ಪತ್ತು ಕಿಲೋಮೀಟರಿಗೆ ಅಸಿನಿಪೊ ಅಂತ ಹಾಳುಬಿದ್ದ ರೋಮನ್ ಪಟ್ಟಣ ಇದೆ, ಕಲ್ಲಿನ ರಂಗಮಂದಿರ ಇನ್ನೂ ನಿಂತಿದೆ. ಹೆನಾಲ್ ಕಣಿವೆಯ ಹಳ್ಳಿಗಳಲ್ಲಿ ನವೆಂಬರ್ ಹೊತ್ತಿಗೆ ಚೆಸ್ಟ್‌ನಟ್ ಕೊಯ್ಲು. ಅಲ್ಲಿಯವರಿಗೆ ಒಂದು ಊಟದ ಗಿರಾಕಿ ಸಿಕ್ಕರೂ ಲಾಭ. ಆದರೆ ಟೂರಿಸ್ಟ್ ಬಸ್ಸುಗಳು ಅಲ್ಲಿಗೆ ಹೋಗಲ್ಲ.

ಹಿರಿಯರು: ಈ ಮಾತು ಒಪ್ಪಿದೆ. ಆದರೂ ನಾನು ಮೊದಲು ಇಲ್ಲಿಗೇ ಬರ್ತಿದ್ದೆ. ಆ ಕಂಬದ ಬುಡ ನೋಡದೆ ಹೋಗಿದ್ದರೆ ನನ್ನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಇನ್ನೊಮ್ಮೆ ಬಂದರೆ ಒಂದು ರಾತ್ರಿ ಇರೋಣ. ಫ್ಲಾಟು ಬೇಡ, ಹೋಟೆಲು.

ಹುಡುಗಿ: ಹೋಟೆಲಿನಲ್ಲಿದ್ದು ಏನು ತಿಳಿಯುತ್ತೆ ಅಂತ ಈಗ ತಾನೇ ಆ ಕವಿಯನ್ನ ಕೇಳಿದಿರಿ.

ಹಿರಿಯರು: ಕೇಳಿದೆ. ಆದರೆ ನನಗೆ ಒಂದು ಲೆಕ್ಕ ಹಾಕಬೇಕಾಗಿದೆ. ಕತ್ತಲಾದ ಮೇಲೆ ಹಳೇ ಊರಿನ ಬೀದಿಗಳಲ್ಲಿ ಎಷ್ಟು ಮನೆಯಲ್ಲಿ ದೀಪ ಹತ್ತುತ್ತೆ ಅಂತ ಎಣಿಸಬೇಕು. ನಿನ್ನ ಭಯ ಎಷ್ಟು ನಿಜ ಅಂತ ಆಗ ಗೊತ್ತಾಗುತ್ತೆ.

ಹುಡುಗಿ: ಬಾಡಿಗೆ ಫ್ಲಾಟಿನಲ್ಲೂ ದೀಪ ಹತ್ತುತ್ತೆ ಮಾವ.

ಹಿರಿಯರು: ಹಾಗಾದರೆ ಬೆಳಗ್ಗೆ ಬೇಗ ಏಳಬೇಕು. ಯಾವ ಯಾವ ಬಾಗಿಲಿನಿಂದ ಮಕ್ಕಳು ಬ್ಯಾಗು ಹೊತ್ತು ಶಾಲೆಗೆ ಹೊರಡ್ತಾರೆ ಅಂತ ನೋಡಬೇಕು.

ಹುಡುಗಿ: ಅದಕ್ಕೆ ಇವತ್ತಿನ ಹಾಗೆ ಶನಿವಾರ ಬಂದರೆ ಆಗಲ್ಲ. ನಾನು ರಜೆ ಹಾಕಬೇಕಾಗುತ್ತೆ.